ಬಾಗಿಲ ಸುದ್ದಿ ಒಳಮನೆಗೆ ಮುಟ್ಟದಿದ್ದರೆ

ಗಂಡು ಮಗುವೊಂದು ಆರೇಳು ತಿಂಗಳವರೆಗೆ ಚೆನ್ನಾಗಿ ಬೆಳೆದು, ಅನಂತರ ಕಿವಿಸೋರುವಿಕೆ, ನ್ಯುಮೋನಿಯಗಳಿಂದ ಮೇಲಿಂದ ಮೇಲೆ ಹಾಸಿಗೆ ಹಿಡಿಯುತ್ತದೆ. ತಾಯಿಯ ಸೋದರನೊಬ್ಬನೂ ಎಳವೆಯಲ್ಲಿ ಹೀಗೆಯೇ ತೀರಿಕೊಂಡಿದ್ದನೆಂದು ಹಿರಿಯರು ನೆನೆಯುತ್ತಾರೆ. ಇಂಥ ಸಂದರ್ಭದಲ್ಲಿ ಸೊಸೆಯ ಕಾಲ್ಗುಣವನ್ನು ಹಳಿಯುವ ಮನೆಗಳು ನಮ್ಮ ಸಮಾಜದಲ್ಲಿ ಇಲ್ಲವೆಂದು ನಾವು ಹೇಳಲಾರೆವು. ಆದುದರಿಂದಲೇ ಈ ತಿಂಗಳು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಬಿಳಿರಕ್ತಕಣಗಳಲ್ಲಿ ಬಿ ಕಣಗಳೆಂಬ ಒಂದು ಬಗೆಯುಂಟು. ರೋಗಾಣುಗಳನ್ನೆದುರಿಸುವ ಪ್ರತಿಕಾಯಗಳ ತಯಾರಿಕೆ ಇವುಗಳ ಸಂತತಿಯ ಕಾಯಕ. ಆದರೆ ಕಣದ ಹೊರಮೈಗೆ ರೋಗಾಣು ತಗುಲಿದ ಮಾತ್ರಕ್ಕೆ ಕಾರ್ಯ ಆರಂಭವಾಗದು. ಬಾಗಿಲಿಗೆ ಬಂದ ಸುದ್ದಿ ಒಳಮನೆಗೆ ಮುಟ್ಟಬೇಕು. ಒಳಗಿನ ಪ್ರೋಟೀನುಗಳು ಒಂದು ಮತ್ತೊಂದಕ್ಕೆ ಫಾಸ್ಫೇಟನ್ನು ಅಂಟಿಸಿ, ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಕಣದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕೋಶಕೇಂದ್ರದಲ್ಲಿ ಜೀನುಗಳು ಎಚ್ಚರಗೊಳ್ಳುತ್ತವೆ. ಈ ಸರಪಳಿಯ ಒಂದು ಮುಖ್ಯ ಕೊಂಡಿ ಬಿಟಿಕೆ ಎಂಬ ಪ್ರೋಟೀನು. ಅದಿಲ್ಲದಿದ್ದರೆ ಬಿ ಕಣಗಳು ಅಸ್ಥಿಮಜ್ಜೆಯಲ್ಲಿ ಬಲಿಯುವುದೇ ಇಲ್ಲ.

1952ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯ ವೈದ್ಯ ಆಗ್ಡನ್ ಬ್ರೂಟನ್, ಪದೇ ಪದೇ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಬಾಲಕನ ರಕ್ತದಲ್ಲಿ ಗ್ಯಾಮಾಗ್ಲಾಬ್ಯುಲಿನ್ ಇಲ್ಲವೆಂಬುದನ್ನು ಪ್ರಕಟಿಸಿದರು. ಹೊರಗಿನಿಂದ ಅದನ್ನು ಚುಚ್ಚಿದಾಗ ಬಾಲಕ ಚೇತರಿಸಿಕೊಂಡನು. ಕಾರಣವಾದ ಜೀನು ದೊರೆತದ್ದು 1993ರಲ್ಲಿ. ವಿಚಿತ್ರವೆಂದರೆ, ಕೆಲವು ರಕ್ತಕ್ಯಾನ್ಸರುಗಳಲ್ಲಿ ಇದೇ ಬಿಟಿಕೆ ಎಡೆಬಿಡದೆ ಸುದ್ದಿ ಸಾಗಿಸುತ್ತಿರುತ್ತದೆ. ಅದನ್ನು ತಡೆಯುವ ಇಬ್ರುಟಿನಿಬ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ದೊರೆಯಿತು.

ಈ ಜೀನು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎಕ್ಸ್ ಎರಡಿರುವುದರಿಂದ ಒಂದು ಕೆಟ್ಟರೂ ಆಕೆ ಆರೋಗ್ಯವಾಗಿಯೇ ಇರುತ್ತಾಳೆ, ಗಂಡಿಗೆ ಇರುವುದೊಂದೇ. ದೋಷವಾಹಕಳಾದ ತಾಯಿಯ ಪ್ರತಿಯೊಬ್ಬ ಮಗನಿಗೂ ಇದು ಬರುವ ಸಂಭವ ಅರ್ಧದಷ್ಟು. ಎಷ್ಟೋ ಸಲ ವಂಶದಲ್ಲೆಲ್ಲೂ ಇಲ್ಲದೆ ಹೊಸದಾಗಿಯೂ ಹುಟ್ಟಿಕೊಳ್ಳುತ್ತದೆ. ಸೋದರಮಾವನ ಮದುವೆಗೂ ಇದಕ್ಕೂ ನಂಟು ಕಲ್ಪಿಸಬೇಕಿಲ್ಲ. ಟಿ ಕಣಗಳೊಳಗಿನ ಜ್ಯಾಪ್-70 ಎಂಬ ಪ್ರೋಟೀನಿನ ಕೊರತೆಯ ಮಾತು ಬೇರೆ. ಅಲ್ಲಿ ತಂದೆತಾಯಿ ಇಬ್ಬರಿಂದಲೂ ದೋಷ ಬರಬೇಕಾದುದರಿಂದ, ರಕ್ತಸಂಬಂಧದ ಮದುವೆ ಅಪಾಯವನ್ನು ಹೆಚ್ಚಿಸುತ್ತದೆ.

ಮೊದಲ ತಿಂಗಳುಗಳಲ್ಲಿ ಮಗುವನ್ನು ಕಾಯುವುದು ಗರ್ಭದಲ್ಲಿ ತಾಯಿಯಿಂದ ಪಡೆದ ಪ್ರತಿಕಾಯಗಳೇ ಎಂಬುದನ್ನು ಆಕೆಯನ್ನು ದೂರುವವರು ತಿಳಿಯಬೇಕು. ಸೋಂಕು ಮರುಕಳಿಸುತ್ತಿದ್ದು, ಗಂಟಲಲ್ಲಿ ಟಾನ್ಸಿಲ್ ಕಾಣದಷ್ಟು ಸಣ್ಣದಾಗಿದ್ದರೆ, ರಕ್ತದ ಇಮ್ಯುನೋಗ್ಲಾಬ್ಯುಲಿನ್ ಮಟ್ಟವನ್ನೂ ಬಿ ಕಣಗಳ ಎಣಿಕೆಯನ್ನೂ ಪರೀಕ್ಷಿಸುವಂತೆ ಮಕ್ಕಳ ವೈದ್ಯರನ್ನು ಕೇಳಬಹುದು. ಮೂರು ನಾಲ್ಕು ವಾರಗಳಿಗೊಮ್ಮೆ ಇಮ್ಯುನೋಗ್ಲಾಬ್ಯುಲಿನ್ನನ್ನು ರಕ್ತನಾಳಕ್ಕೆ ಕೊಡಿಸುತ್ತಿದ್ದರೆ ಇಂಥ ಮಕ್ಕಳು ಶಾಲೆಗೆ ಹೋಗಿ ದೊಡ್ಡವರಾಗುತ್ತಾರೆ. ವೆಚ್ಚ ಹೆಚ್ಚು, ನಿಜ. ಬಾಯಿಗೆ ಹಾಕುವ ಪೋಲಿಯೋ ಹನಿಯಲ್ಲಿ ಜೀವಂತ ವೈರಾಣುವಿರುವುದರಿಂದ ಈ ಮಕ್ಕಳಿಗೆ ಅದು ಕೂಡದು. ಚುಚ್ಚುಮದ್ದಿನ ಲಸಿಕೆಯೇ ಆಗಬೇಕು. ಅದೇ ಮನೆಯ ಇತರ ಮಕ್ಕಳಿಗೆ ಹನಿ ಹಾಕಿಸುವ ಮೊದಲೂ ವೈದ್ಯರನ್ನು ಕೇಳತಕ್ಕದ್ದು.