ಫಜ್ರ್ ವೇಳೆಯ ಹೊಗೆ

ಪುಷ್ಯ, ಮಾಘ ಮಾಸಗಳಲ್ಲಿ ಫಜ್ರ್ ನಮಾಝ್ ಮುಗಿಸಿ ಹೊರಬಂದಾಗ ನಮ್ಮ ಬಸವೇಶ್ವರನಗರದ ಬೀದಿಗಳಲ್ಲಿ ತೆಳುವಾದ ಬಿಳಿಯ ಪರದೆಯೊಂದು ಇಳಿಬಿದ್ದಿರುತ್ತದೆ. ಅದನ್ನು ಮಂಜೆಂದು ಕರೆದು ಸುಮ್ಮನಾಗುವುದು ರೂಢಿ. ಮಂಜಿಗೆ ವಾಸನೆಯಿಲ್ಲ. ಈ ಪರದೆಗೆ ಸುಟ್ಟ ಎಲೆಯ, ಅದರೊಂದಿಗೆ ಬೆರೆತ ಪ್ಲಾಸ್ಟಿಕ್ಕಿನ ವಾಸನೆಯಿದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೆಟ್ಟ ಗಾಳಿಯೇನಿದ್ದರೂ ದೆಹಲಿಯ ಕಥೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವು ಗಾಳಿಯ ಮಾನದಂಡವನ್ನು ಮುಟ್ಟದ ನಗರಗಳೆಂದು ಗುರುತಿಸಿದವುಗಳಲ್ಲಿ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆಗೆ ಬೆಂಗಳೂರೂ ಇದೆ. ಮೈಸೂರು ರಸ್ತೆಯ ವಾಹನಗಳು, ಪೀಣ್ಯದ ಕಾರ್ಖಾನೆಗಳು, ಅಗೆದು ಬಿಟ್ಟ ರಸ್ತೆಗಳ ಧೂಳು, ಇವುಗಳ ಪಾಲು ದೊಡ್ಡದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಇಲ್ಲಿ ಹೇಳಹೊರಟಿರುವುದು ಬೀದಿಬದಿಯ ಬೆಂಕಿಯ ಕುರಿತು. ಏಕೆಂದರೆ ಅದರ ಕಡ್ಡಿಪೆಟ್ಟಿಗೆ ನಮ್ಮದೇ ಜೇಬಿನಲ್ಲಿದೆ.

ಚಳಿಗಾಲದ ಶುಭ್ರ ರಾತ್ರಿಗಳಲ್ಲಿ ನೆಲ ಬೇಗನೆ ತಣಿಯುತ್ತದೆ. ನೆಲಕ್ಕಂಟಿದ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕುಳಿತುಬಿಡುತ್ತದೆ. ಹೊಗೆ ಮೇಲೇರಲಾರದೆ ನಮ್ಮ ಮೂಗಿನ ಮಟ್ಟದಲ್ಲೇ ಹರಡುತ್ತದೆ. ಬಿಸಿಲೇರಿ ನೆಲ ಕಾದ ಮೇಲೆಯೇ ಈ ಮುಚ್ಚಳ ಒಡೆಯುವುದು. ಅಂದರೆ ವೃದ್ಧರು ಮಸೀದಿಗೆ ನಡೆದು ಬರುವ, ಪೌರಕಾರ್ಮಿಕರು ಪೊರಕೆ ಹಿಡಿಯುವ, ಮಕ್ಕಳು ಮದ್ರಸಾಕ್ಕೆ ಬರುವ ಹೊತ್ತು ಗಾಳಿ ಅತ್ಯಂತ ಕೆಡುವ ಹೊತ್ತೂ ಹೌದು. ಹೊಗೆಯಲ್ಲಿರುವ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಘನಮೀಟರ್ ಗಾಳಿಯಲ್ಲಿ ಇವುಗಳ ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದೆಂಬುದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಪೀಣ್ಯದ ಮಾಪನ ಕೇಂದ್ರ ಏನೇ ತೋರಿಸಲಿ, ನಮ್ಮ ಬೀದಿಯ ಮೂಲೆಯಲ್ಲಿ ಹೊಗೆಯಾಡುವ ಎಲೆರಾಶಿಯನ್ನು ಅದು ಕಾಣಲಾರದು.

ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದೆಂದು ಪ್ರವಾದಿ(ಸ)ಯವರು ತಡೆದದ್ದು ನಮಗೆಲ್ಲ ತಿಳಿದಿದೆ. ಈರುಳ್ಳಿ ಹರಾಮ್ ಅಲ್ಲ. ಪಕ್ಕದಲ್ಲಿ ನಿಂತವನ ಉಸಿರಿಗೆ ಒಂದು ಹಕ್ಕಿದೆ ಎಂಬುದಷ್ಟೇ ಅದರ ಕಾರಣ. ಹಲ್ಲುಜ್ಜಿದರೆ ಹೋಗುವ ವಾಸನೆಗೇ ಇಷ್ಟು ಎಚ್ಚರವಿದ್ದರೆ, ತೊಳೆದರೂ ಹೋಗದ ಹೊಗೆಗೆ ಏನು ಹೇಳೋಣ? ಇದು ನಮ್ಮ ಕಾಲದ ಹೊಸ ವ್ಯಾಖ್ಯಾನವೂ ಅಲ್ಲ. ಹನಫೀ ಫಿಖ್ಹ್ ಆಧರಿಸಿ 1869ರಿಂದ 1876ರ ನಡುವೆ ಉಸ್ಮಾನೀ ವಿದ್ವಾಂಸರು ಸಿದ್ಧಪಡಿಸಿದ ಮಜಲ್ಲಾ ಎಂಬ ನ್ಯಾಯಸಂಹಿತೆಯು, ನೆರೆಮನೆಯಲ್ಲಿ ವಾಸಿಸಲಾಗದಷ್ಟು ಹೊಗೆ ಬಿಡುವ ಒಲೆಯನ್ನು ನಿವಾರಿಸಲೇಬೇಕಾದ ಹಾನಿಯೆಂದು ಪರಿಗಣಿಸುತ್ತದೆ. ಒಲೆ ಯಾರ ಸ್ವಂತ ಜಾಗದಲ್ಲಿದೆ ಎಂಬುದು ಅಲ್ಲಿ ನೆಪವಾಗುವುದಿಲ್ಲ.

ಇಷ್ಟನ್ನೂ ಓದಿ, ಪಾಠ ಹೇಳಿದ ನಾವೇ ಮಾಡಿದ್ದೇನು? ನಮ್ಮ ಮದ್ರಸಾದ ಬಾಲಕನೊಬ್ಬ ತಿಲಾವತ್ ಮಾಡುವಾಗ ನಿಲ್ಲಬಾರದಲ್ಲಿ ನಿಲ್ಲುತ್ತಿದ್ದ. ದೀರ್ಘವಾಗಿ ಎಳೆಯಬೇಕಾದ ಮದ್ದ್ ಬಂದರೆ ಅರ್ಧಕ್ಕೇ ಉಸಿರು ಬಿಡುತ್ತಿದ್ದ. ಅಭ್ಯಾಸ ಸಾಲದೆಂದು ನಾವು ಹಲವು ವಾರ ಗದರಿದೆವು. ಒಂದು ದಿನ ಅವನ ತಾಯಿ ಬಂದು, ಮನೆಯಲ್ಲಿ ಚೆನ್ನಾಗಿಯೇ ಓದುತ್ತಾನೆ, ನಿಮ್ಮ ಹಿಂದಿನ ಗೋಡೆ ದಾಟಿ ಬಂದ ಮೇಲೆ ಕೆಮ್ಮು ಹಿಡಿಯುತ್ತದೆ ಎಂದರು. ಮುಸ್‌ಹಫ್ ಜೊತೆ ಅವನ ಚೀಲದಲ್ಲಿ ಇನ್‌ಹೇಲರ್ ಇರುವುದು ಆಗಲೇ ನಮಗೆ ತಿಳಿದದ್ದು. ಗೋಡೆಯ ಹಿಂದೆ ಪ್ರತಿದಿನ ಬೆಳಿಗ್ಗೆ ಹೊಂಗೆ ಎಲೆಗಳನ್ನೂ ಹಿಂದಿನ ರಾತ್ರಿಯ ಚಹಾ ಲೋಟಗಳನ್ನೂ ಸುಡುತ್ತಿದ್ದವರು ನಮ್ಮವರೇ. ಸುಡಲು ಹೇಳಿದವರೂ ನಾವೇ.

ದೀಪಾವಳಿಯ ಪಟಾಕಿಯ ಬಗ್ಗೆ ಮಾತನಾಡಲು ನಮಗೆ ನಾಲಿಗೆ ಬೇಗ ಹೊರಳುತ್ತದೆ. ಅದು ನಾಲ್ಕು ದಿನ. (ಶಬೇ ಬರಾತ್‌ನ ರಾತ್ರಿ ನಮ್ಮ ಗಲ್ಲಿಗಳಲ್ಲಿ ಸಿಡಿಯುವುದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.) ಎಲೆ ಸುಡುವ ಕಾಲ ಮೂರು ತಿಂಗಳು. ಈಗ ರಮಝಾನ್ ಕೂಡ ಎಲೆ ಉದುರುವ ಕಾಲಕ್ಕೇ ಸರಿದಿದೆ. 2025ರಲ್ಲಿ ಅದು ಮಾರ್ಚ್ 2ರಂದು ಆರಂಭವಾಗಿತ್ತು, ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಇಫ್ತಾರಿನ ಗಂಜಿಯ ಲೋಟ, ಹಣ್ಣಿನ ತಟ್ಟೆ, ಬಿರಿಯಾನಿಯ ಡಬ್ಬಿ ಎಲ್ಲವೂ ಒಣಗಿದ ಎಲೆಗಳ ಮೇಲೆ ಬೀಳುತ್ತವೆ. ಕಾಗದದ ಲೋಟವೆಂದು ಸಮಾಧಾನಪಡುವವರಿಗೆ, ಅದರ ಒಳಮೈಗೂ ಪ್ಲಾಸ್ಟಿಕ್ಕಿನ ಪದರವಿದೆ ಎಂದು ನೆನಪಿಸಬೇಕಾಗಿದೆ. ದಿನವಿಡೀ ಉಪವಾಸದಿಂದ ಶುದ್ಧೀಕರಿಸಿಕೊಂಡ ದೇಹಕ್ಕೆ ಮುಂಜಾನೆ ಇದನ್ನು ಉಣಿಸುತ್ತೇವೆ.

ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳು ನಿಷೇಧಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5,000 ರೂಪಾಯಿ ದಂಡವನ್ನೂ ವಿಧಿಸಿತು. ಆದರೆ ದಂಡದ ಭಯವನ್ನು ಪೊರಕೆ ಹಿಡಿದ ಹೆಣ್ಣುಮಗಳ ಮೇಲೆ ಹೇರುವುದು ನಮಗೆ ಒಪ್ಪಿಗೆಯಿಲ್ಲ. ಎಲೆ ಒಯ್ಯಲು ಗಾಡಿ ಬಾರದಿದ್ದರೆ ಅವಳು ಬೇರೇನು ಮಾಡಿಯಾಳು? ಅವಳೇ ಎಲ್ಲರಿಗಿಂತ ಹತ್ತಿರದಿಂದ ಆ ಹೊಗೆ ಕುಡಿಯುವವಳು.

ಆ ತಾಯಿ ಬಂದುಹೋದ ಮೇಲೆ ಮದ್ರಸಾದ ಹಿಂದೆ ತಂತಿಬಲೆಯ ಗೂಡೊಂದನ್ನು ಕಟ್ಟಿದ್ದೇವೆ. ಒಣ ಎಲೆಗಳನ್ನು ಅಡುಗೆಮನೆಯ ಹಸಿ ಕಸದೊಂದಿಗೆ ಪದರ ಪದರವಾಗಿ ಹಾಕಿ ಆಗಾಗ ನೀರು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಇಫ್ತಾರಿಗೆ ಸ್ಟೀಲ್ ಲೋಟಗಳನ್ನು ತರಬೇಕೆಂಬುದಕ್ಕೆ ಜಮಾಅತಿನ ಸಮಿತಿಯಲ್ಲಿ ಒಪ್ಪಿಗೆ ದೊರೆತಿದೆ. ಮುನ್ನೂರು ಲೋಟಗಳನ್ನು ಪ್ರತಿದಿನ ಮಗ್ರಿಬ್ ಮತ್ತು ಇಶಾ ನಡುವೆ ತೊಳೆಯುವವರು ಯಾರು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸದ್ಯಕ್ಕೆ ಹಿರಿಯ ತರಗತಿಯ ಹುಡುಗರೂ ನಾವೂ ಹೆಸರು ಕೊಟ್ಟಿದ್ದೇವೆ.