ವಾಪಸ್ ಬರ್ತೀವಿ ಅನ್ನೋದಕ್ಕೆ ಸಾಕ್ಷಿ ಏನು?

ಫಾರಿನ್ ಟ್ರಿಪ್ ಅಂದ ಕೂಡ್ಲೆ ನಮ್ಮ ಹಾಸ್ಟೆಲ್‌ನಲ್ಲಿ ಮೊದಲು ಮಾತು ಬರೋದು ಟಿಕೆಟ್ ರೇಟ್ ಬಗ್ಗೆ. ಆಮೇಲೆ ಯಾವ್ಯಾವ ಜಾಗ ನೋಡ್ಬೇಕು ಅಂತ. ವೀಸಾ ವಿಷಯ ಬರೋದು ಕೊನೆಗೆ. ಅದೂ ಯಾರಾದ್ರೂ ಒಬ್ಬರು "ಲೋ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರಂತೆ ಕಣೋ" ಅಂದಾಗ. ಅಲ್ಲಿಗೆ ಅರ್ಧ ಜನ ಎದ್ದು ಮೆಸ್ಸಿಗೆ ಹೋಗ್ತಾರೆ. ಇನ್ನರ್ಧ ಜನ "ನಂಗೊಬ್ಬ ಏಜೆಂಟ್ ಗೊತ್ತು" ಅಂತ ಶುರು ಮಾಡ್ತಾರೆ. ಈ ಎರಡನೇ ಗುಂಪಿನವರ ಹತ್ರ ನಾವು ಸ್ವಲ್ಪ ಮಾತಾಡ್ಬೇಕು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಟೂರಿಸ್ಟ್ ವೀಸಾ ಕೊಡುವಾಗ ಎಷ್ಟೋ ದೇಶಗಳು ನಮ್ಮಂಥ ವಿದ್ಯಾರ್ಥಿಗಳನ್ನ ಅಳೆಯೋ ರೀತಿ ಸರಿಯಿಲ್ಲ. ಆದ್ರೆ ಅದಕ್ಕೆ ಉತ್ತರ ಸುಳ್ಳು ಕಾಗದ ಅಲ್ಲ.

ಮೊದಲು ಹಕ್ಕಿನ ವಿಷಯ. ವಿದೇಶಕ್ಕೆ ಹೋಗಿ ಬರೋದು ನಮ್ಮ ಹಕ್ಕಾ ಅಥವಾ ಸರ್ಕಾರದ ಕೃಪೆಯಾ ಅನ್ನೋ ಪ್ರಶ್ನೆ 1967ರಲ್ಲೇ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಕೋರ್ಟ್, ಅದು ಸಂವಿಧಾನದ 21ನೇ ವಿಧಿ ಕೊಡುವ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಹೇಳಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ಪ್ರಕರಣ ಆ ಹಕ್ಕನ್ನ ಇನ್ನೂ ಗಟ್ಟಿ ಮಾಡಿತು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 13ನೇ ವಿಧಿ ಕೂಡ ಹೇಳೋದು ಇದನ್ನೇ: ಯಾರು ಬೇಕಾದ್ರೂ ಯಾವ ದೇಶವನ್ನಾದ್ರೂ ಬಿಟ್ಟು ಹೊರಡಬಹುದು, ತಮ್ಮ ದೇಶಕ್ಕೆ ಮರಳಿ ಬರಬಹುದು. ಆದ್ರೆ ಪ್ರವಾಸಿಯಾಗಿ ಇನ್ನೊಂದು ದೇಶದ ಒಳಗೆ ಹೋಗೋ ಹಕ್ಕು ನಮಗಿದೆ ಅಂತ ಅದು ಹೇಳಲ್ಲ. ನಮ್ಮ ಮನೆ ಬಾಗಿಲು ತೆಗೆದು ಹೊರಡೋದು ನಮ್ಮಿಷ್ಟ. ಎದುರುಮನೆ ಬಾಗಿಲು ತೆಗೆಯೋದು ಎದುರುಮನೆಯವರಿಷ್ಟ.

ಅವರು ಕೇಳೋದು ತಪ್ಪು ಅಂತ ನಾವು ಹೇಳಲ್ಲ. ನಮ್ಮದೇ ದೇಶದ ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕೆ ಹೋಗೋಕೂ ನಮಗೆ ಇನ್ನರ್ ಲೈನ್ ಪರ್ಮಿಟ್ ಬೇಕು. ಅದರ ಮೂಲ 1873ರ ಬ್ರಿಟಿಷ್ ಕಾಲದ ಕಾನೂನು. ಮಣಿಪುರ ಸೇರಿದ್ದು 2019ರಲ್ಲಿ. ಅಲ್ಲಿಗೆ ಹೋಗುವಾಗ ನಾವ್ಯಾರೂ ಅವಮಾನ ಆಯ್ತು ಅಂದ್ಕೊಳ್ಳಲ್ಲ, ಯಾಕಂದ್ರೆ ಅಲ್ಲಿ ಕೇಳೋದು "ನೀವು ಯಾರು, ಎಷ್ಟು ದಿನ ಇರ್ತೀರಿ" ಅಂತ ಮಾತ್ರ. ನಮ್ಮಪ್ಪನ ಅಕೌಂಟಲ್ಲಿ ಎಷ್ಟಿದೆ ಅಂತ ಯಾರೂ ಕೇಳಲ್ಲ.

ತಕರಾರು ಇರೋದು ಇಲ್ಲೇ. ಅಮೆರಿಕದ ಕಾನೂನನ್ನೇ ನೋಡಿ. ಅಲ್ಲಿನ ವಲಸೆ ಕಾಯ್ದೆಯ ಸೆಕ್ಷನ್ 214(ಬಿ) ಪ್ರಕಾರ, ಟೂರಿಸ್ಟ್ ವೀಸಾಕ್ಕೆ ಅರ್ಜಿ ಹಾಕಿದವರು ಅಲ್ಲೇ ಉಳಿಯೋಕೆ ಬರ್ತಿದ್ದಾರೆ ಅಂತಲೇ ಆಫೀಸರ್ ಮೊದಲು ಭಾವಿಸಬೇಕು. ಹಾಗಲ್ಲ ಅಂತ ತೋರಿಸೋ ಜವಾಬ್ದಾರಿ ಅರ್ಜಿದಾರರದ್ದು. ಕೋರ್ಟಲ್ಲಿ ಅಪರಾಧ ಸಾಬೀತಾಗೋವರೆಗೂ ಎಲ್ಲರೂ ನಿರಪರಾಧಿ, ವೀಸಾ ಕೌಂಟರ್‌ನಲ್ಲಿ ಮಾತ್ರ ಲೆಕ್ಕ ಉಲ್ಟಾ. 2023ರ ಜೂನ್‌ನಿಂದ ಇದರ ಅರ್ಜಿ ಶುಲ್ಕ 185 ಡಾಲರ್, ಅಂದ್ರೆ ಹದಿನೈದು ಸಾವಿರ ರೂಪಾಯಿಗೂ ಜಾಸ್ತಿ. ವೀಸಾ ಸಿಗದಿದ್ರೆ ದುಡ್ಡು ವಾಪಸ್ ಇಲ್ಲ. ಬೆಂಗಳೂರಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯ್ತು, ಆದ್ರೆ ವೀಸಾ ಕೊಡೋ ಕೆಲಸ ಅವತ್ತೇ ಶುರುವಾಗಲಿಲ್ಲ. ಇಂಟರ್‌ವ್ಯೂಗೆ ನಮ್ಮೋರು ಚೆನ್ನೈಗೋ ಹೈದರಾಬಾದ್‌ಗೋ ಹೋಗ್ತಿದ್ದ ಬಸ್ ಖರ್ಚು, ರೂಮ್ ಖರ್ಚು ಬೇರೆ.

ಯುರೋಪಿನ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಲ್ಲಿ 80 ಯೂರೋದಿಂದ 90ಕ್ಕೆ ಏರಿತು. ಎಂಟೊಂಬತ್ತು ಸಾವಿರ ರೂಪಾಯಿ. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಮೆಡಿಕಲ್ ಇನ್ಶೂರೆನ್ಸ್, ಹೋಗಿ ಬರೋ ಬುಕಿಂಗ್, ಉಳಿಯೋ ಜಾಗದ ದಾಖಲೆ, ಖರ್ಚಿಗೆ ಹಣ ಇದೆ ಅನ್ನೋದಕ್ಕೆ ಪುರಾವೆ. ವೀಸಾ ಸಿಗದಿದ್ರೆ ಕೈಗೆ ಬರೋದು ಒಂದು ಛಾಪಿಸಿದ ಫಾರ್ಮ್. ಅದರಲ್ಲಿ ಮೊದಲೇ ಬರೆದಿಟ್ಟ ಕಾರಣಗಳ ಮುಂದೆ ಟಿಕ್ ಇರುತ್ತೆ. ಅದರಲ್ಲೊಂದು, ವೀಸಾ ಮುಗಿಯೋದ್ರೊಳಗೆ ನೀವು ಹೊರಟು ಹೋಗ್ತೀರಿ ಅನ್ನೋದರ ಬಗ್ಗೆ ಸಂಶಯ ಇದೆ ಅನ್ನೋದು.

ಈಗ ನಮ್ಮ ಕಡೆ ಬನ್ನಿ. ವಾಪಸ್ ಬರ್ತೀವಿ ಅನ್ನೋದಕ್ಕೆ ಅವರು ಒಪ್ಪೋ ಸಾಕ್ಷಿ ಏನು? ಕೆಲಸ, ಸಂಬಳದ ಸ್ಲಿಪ್, ಆಸ್ತಿ, ಹೆಂಡತಿ ಮಕ್ಕಳು. ಹತ್ತೊಂಬತ್ತು ವರ್ಷಕ್ಕೆ ಇದರಲ್ಲಿ ಯಾವುದು ಇರುತ್ತೆ ಹೇಳಿ? ನಮ್ಮ ಹತ್ರ ಇರೋದು ಬರೆಯೋಕೆ ಬಾಕಿ ಇರೋ ನಾಲ್ಕು ಸೆಮಿಸ್ಟರ್, ಅಮ್ಮ ಅಪ್ಪ, ಕಾಲೇಜಿಗೆ ಕಟ್ಟಿರೋ ಫೀಸಿನ ರಸೀದಿ. ನಮ್ಮ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಾಲ್ಕು ವರ್ಷದ ಡಿಗ್ರಿಯನ್ನ ಅರ್ಧಕ್ಕೆ ಬಿಟ್ಟು ಯಾರು ಓಡಿ ಹೋಗ್ತಾರೆ? ಆದ್ರೆ ಬ್ಯಾಂಕ್ ಬ್ಯಾಲೆನ್ಸ್ ಮುಂದೆ ಇದಕ್ಕೆ ಅಷ್ಟು ತೂಕ ಸಿಗಲ್ಲ.

ಇದರಲ್ಲಿ ಹೆಚ್ಚು ಪೆಟ್ಟು ಬೀಳೋದು ರೈತರ ಮಕ್ಕಳಿಗೆ. ಚೆಕ್‌ಲಿಸ್ಟ್‌ನಲ್ಲಿ ಅಪ್ಪನ ಐಟಿ ರಿಟರ್ನ್ ಕೇಳಿರ್ತಾರೆ. ನಮ್ಮ ದೇಶದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ ಹಾಕೋ ಪ್ರಸಂಗವೇ ಬಂದಿರಲ್ಲ. ಅಡಿಕೆ ತೋಟ ಇರುತ್ತೆ, ಸೊಸೈಟಿಯಲ್ಲಿ ಲೆಕ್ಕ ಇರುತ್ತೆ, ಪಹಣಿಯಲ್ಲಿ ಅಜ್ಜನ ಕಾಲದಿಂದ ಹೆಸರು ಇರುತ್ತೆ. ನೆಲಕ್ಕೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡ ಮನೆಯ ಮಗ ಅಥವಾ ಮಗಳು ವಾಪಸ್ ಬರಲ್ಲ ಅಂತ ಅನುಮಾನ. ಸಿಟಿಯಲ್ಲಿ ಸಂಬಳ ತಗೊಳ್ಳೋ ಅಪ್ಪ ಅಮ್ಮ ಇರೋ ನಮ್ಮಲ್ಲಿ ಕೆಲವರಿಗೆ ಅದೇ ಕಾಗದ ಒಂದು ಸಂಜೆಯ ಕೆಲಸ. ಇಬ್ಬರೂ ಒಂದೇ ಬೆಂಚಲ್ಲಿ ಕೂತು ಥರ್ಮೋಡೈನಾಮಿಕ್ಸ್ ಓದೋರೇ.

ಏಜೆಂಟ್ ಬರೋದು ಈ ಸಂದಿಯಲ್ಲಿ. "ನಿಮ್ಮ ಅಕೌಂಟಿಗೆ ಒಂದಿಷ್ಟು ದಿನ ದುಡ್ಡು ಹಾಕಿಸ್ತೀವಿ, ಸ್ಟೇಟ್‌ಮೆಂಟ್ ತೆಗೆದ ಮೇಲೆ ವಾಪಸ್ ಕೊಡಿ, ನಮಗಿಷ್ಟು ಕಮಿಷನ್" ಅಂತಾರೆ. ಇನ್ನೂ ಮುಂದೆ ಹೋದ್ರೆ, ಇಲ್ಲದ ಕಂಪನಿಯ ಲೆಟರ್ ಕೂಡ ಮಾಡಿಕೊಡ್ತಾರೆ. ಎಲ್ಲರೂ ಮಾಡ್ತಾರೆ ಅನ್ನೋದು ಅವರ ಸಮಾಧಾನ. ಸ್ವಲ್ಪ ಯೋಚನೆ ಮಾಡಿ. ಸ್ಟೇಟ್‌ಮೆಂಟ್ ಕೇಳೋದು ಮೂರು ತಿಂಗಳದ್ದೋ ಆರು ತಿಂಗಳದ್ದೋ. ತಿಂಗಳಿಗೆ ಎರಡು ಸಾವಿರ ಓಡಾಡೋ ಅಕೌಂಟಿಗೆ ಒಂದೇ ದಿನ ಮೂರು ಲಕ್ಷ ಬಿದ್ರೆ, ದಿನವಿಡೀ ಇದನ್ನೇ ನೋಡೋ ಆಫೀಸರ್‌ಗೆ ಕಾಣಿಸಲ್ವಾ?

ಸಿಕ್ಕಿಬಿದ್ರೆ ಹೋಗೋದು ಬರೀ ಶುಲ್ಕದ ದುಡ್ಡಲ್ಲ. ಸುಳ್ಳು ದಾಖಲೆ ಕೊಟ್ಟು ವೀಸಾ ಪಡೆಯೋಕೆ ಪ್ರಯತ್ನಿಸಿದವರಿಗೆ ಅಮೆರಿಕದ ಕಾನೂನು ಜೀವನಪೂರ್ತಿ ಪ್ರವೇಶ ನಿರಾಕರಿಸಬಹುದು. ಬ್ರಿಟನ್‌ನಲ್ಲಿ ಹತ್ತು ವರ್ಷದ ನಿಷೇಧ ಬೀಳಬಹುದು. ನಾಳೆ ಎಂ.ಎಸ್. ಮಾಡ್ಬೇಕು, ಕಂಪನಿಯಿಂದ ಆನ್‌ಸೈಟ್ ಹೋಗ್ಬೇಕು ಅಂತ ಕನಸು ಕಾಣೋರು ನಾವು. ಅವತ್ತಿನ ಅರ್ಜಿಯಲ್ಲೂ "ಹಿಂದೆ ಯಾವಾಗಾದ್ರೂ ವೀಸಾ ನಿರಾಕರಣೆ ಆಗಿದೆಯಾ" ಅಂತ ಕಾಲಂ ಇರುತ್ತೆ. ಒಂದು ವಾರದ ಟ್ರಿಪ್ಪಿಗೆ ಮಾಡಿದ ಸುಳ್ಳು ಅಲ್ಲಿ ಬಂದು ನಿಲ್ಲುತ್ತೆ. ಏಜೆಂಟ್ ಅಷ್ಟೊತ್ತಿಗೆ ನಂಬರ್ ಬದಲಾಯಿಸಿರ್ತಾನೆ. ಇನ್ನೊಂದು ವಿಷಯ ಇದೆ. ಒಬ್ಬರ ಸುಳ್ಳು ಸಿಕ್ಕಿಬಿದ್ದಾಗ, ಅವರ ಹಿಂದೆ ಲೈನಲ್ಲಿ ನಿಂತಿರೋ, ನಿಜ ಹೇಳ್ತಿರೋ ವಿದ್ಯಾರ್ಥಿಯ ಮೇಲೂ ಅದೇ ಅನುಮಾನ ಬೀಳುತ್ತೆ.

ಹಾಗಾದ್ರೆ ಏನ್ ಮಾಡೋದು? ಮೊದಲನೇದು, ಬಾಗಿಲು ತೆರೆದಿರೋ ಕಡೆಯಿಂದ ಶುರು ಮಾಡೋಣ. ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗೋಕೆ ಪಾಸ್‌ಪೋರ್ಟ್ ಇಲ್ಲದಿದ್ರೂ ವೋಟರ್ ಐಡಿ ಸಾಕು, ಆದ್ರೆ ನಮ್ಮ ವಯಸ್ಸಿನವರಿಗೆ ಆಧಾರ್ ನಡೆಯಲ್ಲ. ಹದಿನೆಂಟು ತುಂಬಿದ್ರೂ ವೋಟರ್ ಐಡಿ ಮಾಡಿಸದೇ ಇರೋರಿಗೆ ಇದೂ ಒಂದು ಕಾರಣ ಆಗ್ಲಿ. ಭೂತಾನ್‌ಗೂ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು, ಪರ್ಮಿಟ್ ಕೊಡ್ತಾರೆ. ಆದ್ರೆ 2022ರಿಂದ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ಇದೆ, ಬಜೆಟ್ ಹಾಕುವಾಗ ಮರೀಬೇಡಿ. ಥೈಲ್ಯಾಂಡ್ 2023ರ ನವೆಂಬರ್‌ನಿಂದ ಭಾರತೀಯರನ್ನ ವೀಸಾ ಇಲ್ಲದೆ ಬಿಟ್ಟುಕೊಳ್ಳೋಕೆ ಶುರು ಮಾಡಿತು, ಮಲೇಷ್ಯಾ ಅದೇ ಡಿಸೆಂಬರ್‌ನಿಂದ. ವೀಸಾ ಇಲ್ಲ ಅಂದ್ರೆ ಪ್ರಶ್ನೆ ಇಲ್ಲ ಅಂತಲ್ಲ. ವಾಪಸ್ ಟಿಕೆಟ್ ಎಲ್ಲಿ, ಎಲ್ಲಿ ಉಳೀತೀರಿ, ಖರ್ಚಿಗೆ ಏನಿದೆ ಅಂತ ಏರ್‌ಪೋರ್ಟಲ್ಲಿ ಕೇಳಬಹುದು. ಎರಡೂ ದೇಶಗಳು ಹೊರಡೋ ಮೊದಲೇ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಿಸಿಕೊಳ್ತಾವೆ. ಅದು ಉಚಿತ, ಯಾವುದಾದ್ರೂ ವೆಬ್‌ಸೈಟ್ ದುಡ್ಡು ಕೇಳಿದ್ರೆ ತಪ್ಪು ಜಾಗಕ್ಕೆ ಹೋಗಿದ್ದೀರಿ ಅಂತ ಅರ್ಥ. ಈ ನಿಯಮಗಳು ಬದಲಾಗ್ತಾನೇ ಇರುತ್ತವೆ, ಟಿಕೆಟ್ ಮಾಡೋ ಮೊದಲು ಆ ದೇಶದ ಸರ್ಕಾರಿ ಪುಟವನ್ನೇ ನೋಡಿ. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿದೆಯಾ ಅಂತಲೂ ನೋಡ್ಕೊಳ್ಳಿ.

ಎರಡನೇದು, ವೀಸಾ ಬೇಕಾದ ಕಡೆಗೆ ಇರೋದನ್ನ ಇರೋ ಹಾಗೆ ಕೊಡೋಣ. ಖರ್ಚು ಅಪ್ಪಂದು ಅಂದ್ರೆ ಅಪ್ಪನ ಪತ್ರ, ಸಂಬಂಧದ ದಾಖಲೆ. ರಿಟರ್ನ್ ಇಲ್ಲದಿದ್ರೆ ಯಾಕಿಲ್ಲ ಅಂತ ಎರಡು ಸಾಲಿನ ವಿವರಣೆ, ಜೊತೆಗೆ ಪಹಣಿ ಮತ್ತು ಅದರ ಇಂಗ್ಲಿಷ್ ಅನುವಾದ. ಕಾಲೇಜಿನ ಬೋನಫೈಡ್ ಸರ್ಟಿಫಿಕೇಟ್‌ನಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗೋ ತಾರೀಕು. ಇಷ್ಟು ಕೊಟ್ಟರೂ ಸಿಗದೇ ಇರಬಹುದು. ಆದ್ರೆ ಮುಂದಿನ ಸಲ ಅರ್ಜಿ ಹಾಕುವಾಗ ಮುಚ್ಚಿಡೋಕೆ ಏನೂ ಇರಲ್ಲ. ನಿಯಮ ಪಾಲಿಸಿದವರಿಗೆ ದಾರಿ ಸಲೀಸಾಗೋದೂ ಉಂಟು: 2024ರ ಏಪ್ರಿಲ್‌ನಲ್ಲಿ ಬಂದ ನಿಯಮದ ಪ್ರಕಾರ, ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ವೀಸಾ ಸಿಗೋ ಅವಕಾಶ ಇದೆ.

ಮೂರನೇದು, ನಮ್ಮ ಬೇಡಿಕೆ. ಪೂರ್ತಿ ಶುಲ್ಕ ವಾಪಸ್ ಕೊಡಿ ಅಂತ ನಾವು ಕೇಳ್ತಿಲ್ಲ, ಅರ್ಜಿ ನೋಡೋಕೂ ಖರ್ಚಿದೆ. ಓದೋಕೆ, ತರಬೇತಿಗೆ ಬರೋ ವಿದ್ಯಾರ್ಥಿಗಳಿಗೆ ಷೆಂಗೆನ್ ದೇಶಗಳು ಈಗಾಗಲೇ ಶುಲ್ಕ ಬಿಡ್ತಾವೆ. ಸುತ್ತಾಡೋಕೆ ಬರೋ ವಿದ್ಯಾರ್ಥಿಗೂ ಅರ್ಧ ಮಾಡಬಹುದಲ್ವಾ? ಯುರೋಪಿಯನ್ ಯೂನಿಯನ್ ತನ್ನ ಹದಿನೆಂಟು ವರ್ಷದವರಲ್ಲಿ ಆಯ್ಕೆಯಾದವರಿಗೆ ಡಿಸ್ಕವರ್‌ಇಯು ಯೋಜನೆಯಲ್ಲಿ ಉಚಿತ ಪಾಸ್ ಕೊಟ್ಟು, ಊರೂರು ನೋಡಿ ಬನ್ನಿ ಅಂತ ಕಳಿಸುತ್ತೆ. ಈ ವಯಸ್ಸಲ್ಲಿ ಸುತ್ತೋದು ಒಳ್ಳೇದು ಅಂತ ಅವರಿಗೂ ಗೊತ್ತು ಅಂತಾಯ್ತು. ಬೇರೆ ದೇಶಗಳ ಜೊತೆ ಮಾತಾಡುವಾಗ ನಮ್ಮ ಸರ್ಕಾರ ಬಿಸಿನೆಸ್ ವೀಸಾದ ಜೊತೆ ವಿದ್ಯಾರ್ಥಿಗಳ ವಿಷಯವನ್ನೂ ಎತ್ತಲಿ. ಓದು ಬಾಕಿ ಇದೆ ಅನ್ನೋದೇ ವಾಪಸ್ ಬರೋದಕ್ಕೆ ಸಾಕ್ಷಿ ಅಂತ ಒಪ್ಪಿಸಲಿ.

ಅಲ್ಲಿವರೆಗೂ, ವೀಸಾ ಸಿಗಲಿಲ್ಲ ಅಂದ್ರೆ ನಿಮ್ಮ ಯೋಗ್ಯತೆ ಕಮ್ಮಿ ಅಂತ ಅಂದ್ಕೋಬೇಡಿ. ಅವರು ಅಳೆದಿದ್ದು ನಿಮ್ಮ ಫೈಲನ್ನ. ಏಜೆಂಟಿಗೆ ಕೊಡೋ ಕಮಿಷನ್ ಉಳಿಸಿ, 1,500 ರೂಪಾಯಿ ಕಟ್ಟಿ ಪಾಸ್‌ಪೋರ್ಟ್ ಮಾಡಿಸಿ. ಹತ್ತು ವರ್ಷ ಇರುತ್ತೆ, ಅಷ್ಟರಲ್ಲಿ ನಮ್ಮ ಹತ್ರಾನೂ ಸಂಬಳದ ಸ್ಲಿಪ್ ಬಂದಿರುತ್ತೆ. ಇದನ್ನ ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೀರಿ, ನಾವು ಓದ್ತೀವಿ.