ಅಲೆ ಏರೋ ಮುಂಚೆ
ನಮ್ಮ ಬಿಳಿಗೆರೆ ಹುಡುಗರು ಮೂವರಿಗೆ ಈಗ ಅಲೆ ಸವಾರಿಯ ಹುಚ್ಚು ಸ್ವಾಮೀ! 1966ರ ‘ದಿ ಎಂಡ್‌ಲೆಸ್ ಸಮ್ಮರ್’ ನೋಡಿಬಿಟ್ಟಿದ್ದಾರೆ. ಬ್ರೂಸ್ ಬ್ರೌನ್ ಕ್ಯಾಮರಾ ಹೊತ್ತು, ಹಲಗೆ ಹಿಡಿದ ಇಬ್ಬರು ಹುಡುಗರ ಹಿಂದೆ ಆಫ್ರಿಕಾ, ಟಹೀಟಿ ಸುತ್ತಿದ ಚಿತ್ರ. ಇವರಿಗೂ ದೂರದ ದ್ವೀಪವೇ ಬೇಕಂತೆ. ಲಿಟಲ್ ಅಂಡಮಾನಿನ ಬಟ್ಲರ್ ಬೇ ತೀರ! 2024ರಿಂದ ಶ್ರೀ ವಿಜಯಪುರಂ ಆಗಿರುವ ಪೋರ್ಟ್ ಬ್ಲೇರ್‌ವರೆಗೆ ವಿಮಾನ, ಮುಂದೆ ಹಡಗು. ಹವಾ ಕೆಟ್ಟರೆ ಅದೂ ಇಲ್ಲ.

‘ಈಜು ಬರುತ್ತೇನ್ರಪ್ಪಾ?’ ಅಂದೆ. ಇಬ್ಬರು ನೆಲ ನೋಡಿದರು!

ಮೊದಲು ಈಜು ಕಲೀರಿ. ಆಮೇಲೆ ನಮ್ಮದೇ ಮೂಲ್ಕಿಗೆ ಹೋಗಿ. 2004ರಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ ಅಲ್ಲಿದೆ. ಅದೂ ಮಳೆಗಾಲ ಕಳೆದ ಮೇಲೆ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯೋಲ್ಲ. ಹಲಗೆ ಬಾಡಿಗೆಗೆ ಸಿಗುತ್ತೆ ಕಣ್ರೀ, ಉಸಿರು ಸಿಗೋಲ್ಲ!